ಜಿಯು ಜಿತ್ಸು: ಸಂಪ್ರದಾಯ, ಕ್ರೀಡೆ, ಸಮರ — ಒಂದು ವಿವೇಚನೆ

ಜಿಯು ಜಿತ್ಸು ಎಂಬುದು ಜಪಾನ್ ದೇಶದಲ್ಲಿ ಹುಟ್ಟಿ ಬೆಳೆದ ಮಲ್ಲವಿದ್ಯೆ. ಆ ಭಾಷೆಯಲ್ಲಿ ‘ಜೂ’ ಎಂದರೆ ಮೃದುವಾದದ್ದು, ಮಣಿಯುವಂಥದು. ‘ಜುತ್ಸು’ ಎಂದರೆ ವಿದ್ಯೆ, ಕೌಶಲ. ಎದುರಾಳಿಯ ಬಲಕ್ಕೆ ಬಲವನ್ನೇ ಅಡ್ಡ ಒಡ್ಡದೆ, ಅದಕ್ಕೆ ಮಣಿದಂತೆ ಮಾಡಿ, ಆ ಬಲವನ್ನೇ ಅವನ ಮೇಲೆ ತಿರುಗಿಸುವ ಕೌಶಲವೆಂಬುದು ಈ ಹೆಸರಿನ ತಾತ್ಪರ್ಯ. ಇಂದು ಈ ಒಂದೇ ಹೆಸರಿನಡಿಯಲ್ಲಿ ಸಾಂಪ್ರದಾಯಿಕ ಪದ್ಧತಿ, ಕ್ರೀಡಾ ಪದ್ಧತಿ, ಸಮರ ಪದ್ಧತಿ ಎಂಬ ಮೂರು ಬಗೆಯ ಅಭ್ಯಾಸಗಳು ನಡೆಯುತ್ತಿವೆ. ಹೊರನೋಟಕ್ಕೆ ಮೂರರಲ್ಲಿಯೂ ಅದೇ ಹಿಡಿತ, ಅದೇ ಎಸೆತ, ಕೀಲುಗಳನ್ನು ತಿರುಚುವ ಹಾಗೂ ಕತ್ತನ್ನು ಅಮುಕುವ ಅವೇ ಪಟ್ಟುಗಳು ಕಾಣುತ್ತವೆ. ಹಾಗಾದರೆ ಭೇದವೆಲ್ಲಿದೆ? ಅಭ್ಯಾಸ ಮಾಡುವಾಗ ಏನನ್ನು ಉಳಿಸಿಕೊಳ್ಳಲಾಯಿತು, ಏನನ್ನು ಕೈಬಿಡಲಾಯಿತು ಎಂಬುದರಲ್ಲಿಯೇ ಮುಖ್ಯವಾದ ಭೇದವಿದೆ.

ಸಾಂಪ್ರದಾಯಿಕ ಪದ್ಧತಿ

ಈ ವಿದ್ಯೆಯ ಪ್ರಾಚೀನ ಪರಂಪರೆಗಳಲ್ಲಿ ಪ್ರಸಿದ್ಧವಾದುದು ತಾಕೆನೊಉಚಿ ಪರಂಪರೆ. ಇದರ ಸ್ಥಾಪನೆಯ ವರ್ಷವನ್ನು ೧೫೩೨ ಎಂದು ಹೇಳುತ್ತಾರೆ. ಅದು ಜಪಾನಿನಲ್ಲಿ ಅಂತಃಕಲಹಗಳ ಕಾಲ. ಸಮುರಾಯ್ ಯೋಧನು ಕತ್ತಿಯನ್ನು ಕಳೆದುಕೊಂಡಾಗ, ಅಥವಾ ಶತ್ರು ಮೈಮೇಲೆಯೇ ಬಿದ್ದಾಗ, ಪ್ರಾಣವನ್ನು ಉಳಿಸಿಕೊಳ್ಳುವುದೇ ವಿದ್ಯೆಯ ಗುರಿ. ಕವಚ ಧರಿಸಿದವನಿಗೆ ಮುಷ್ಟಿಯ ಹೊಡೆತದಿಂದ ಹೆಚ್ಚಿನ ಹಾನಿಯಾಗದು. ಆದ್ದರಿಂದ ಅವನನ್ನು ಕೆಡಹುವುದು, ಕೀಲನ್ನು ತಿರುಚುವುದು, ಕಿರುಗತ್ತಿಯನ್ನು ಪ್ರಯೋಗಿಸುವುದು ಮುಖ್ಯವಾದುವು.

ಇಂಥ ಪ್ರಾಣಾಂತಕ ಪ್ರಯೋಗಗಳನ್ನು ಸಹಪಾಠಿಯ ಮೇಲೆ ಪೂರ್ಣಬಲದಿಂದ ಮಾಡಲಾಗದು. ಆದಕಾರಣ ‘ಕತಾ’ ಎಂಬ ಕ್ರಮವು ಬಳಕೆಗೆ ಬಂದಿತು. ಅದರಲ್ಲಿ ಆಕ್ರಮಿಸುವವನ ನಡೆಯೂ ಪ್ರತೀಕಾರ ಮಾಡುವವನ ನಡೆಯೂ ಮೊದಲೇ ನಿಶ್ಚಿತವಾಗಿರುತ್ತವೆ. ಅತ್ಯಂತ ಅಪಾಯಕರವಾದ ಪಟ್ಟು ಕೂಡ ಲೋಪವಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದುದು ಈ ಕ್ರಮದ ಗುಣ. ಎದುರಾಳಿ ಒಪ್ಪಂದದಂತೆ ಬೀಳುವನೇ ಹೊರತು ತಡೆಯುವುದಿಲ್ಲ. ತಡೆದರೆ ಏನಾಗುವುದೆಂಬುದು ಕಲಿತವನಿಗೆ ತಿಳಿಯದೆ ಉಳಿಯುವುದು ಇದರ ಕೊರತೆ. ೧೮೬೮ರ ಮೇಜಿ ಪರಿವರ್ತನೆಯ ಬಳಿಕ, ೧೮೭೬ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ಸರ್ಕಾರವು ನಿಷೇಧಿಸಿತು. ಯೋಧವರ್ಗದೊಡನೆ ಅದರ ವಿದ್ಯೆಯೂ ಆಶ್ರಯ ತಪ್ಪಿ ಸೊರಗಿತು.

ಕ್ರೀಡಾ ಪದ್ಧತಿ

ಈ ಸಂಧಿಕಾಲದಲ್ಲಿ ವಿದ್ಯೆಗೆ ಹೊಸ ರೂಪ ಕೊಟ್ಟವರು ಜಿಗೊರೊ ಕಾನೊ (೧೮೬೦–೧೯೩೮). ಅವರು ವೃತ್ತಿಯಿಂದ ಅಧ್ಯಾಪಕರು; ಮುಂದೆ ಟೋಕಿಯೊದ ಉನ್ನತ ಶಿಕ್ಷಕ ತರಬೇತಿ ಶಾಲೆಯ ಮುಖ್ಯಸ್ಥರಾದವರು. ಬಾಲ್ಯದಲ್ಲಿ ಕೃಶಶರೀರಿಯಾಗಿದ್ದ ಅವರು ತೆಂಜಿನ್ ಶಿನ್ಯೊ ಮತ್ತು ಕಿತೊ ಎಂಬ ಎರಡು ಪ್ರಾಚೀನ ಪರಂಪರೆಗಳಲ್ಲಿ ವ್ಯಾಸಂಗ ಮಾಡಿ, ೧೮೮೨ರಲ್ಲಿ ಟೋಕಿಯೊದ ಎಯ್‌ಶೊಜಿ ಎಂಬ ಬೌದ್ಧ ದೇವಾಲಯದ ಆವರಣದಲ್ಲಿ ಕೊದೊಕಾನ್ ಶಾಲೆಯನ್ನು ತೆರೆದರು. ತಮ್ಮ ಪದ್ಧತಿಯನ್ನು ಅವರು ‘ಜೂಡೊ’ ಎಂದು ಕರೆದರು. ‘ಡೊ’ ಎಂದರೆ ಮಾರ್ಗ.

ಕಾನೊ ಅವರು ಪ್ರಹಾರಗಳನ್ನೂ ಅತಿ ಅಪಾಯಕರ ಪ್ರಯೋಗಗಳನ್ನೂ ಕತಾದಲ್ಲಿ ಇರಿಸಿ, ಉಳಿದವುಗಳನ್ನು ‘ರಂದೊರಿ’ ಎಂಬ ಮುಕ್ತ ಅಭ್ಯಾಸಕ್ಕೆ ಬಿಟ್ಟರು. ಇಲ್ಲಿ ಇಬ್ಬರೂ ಪೂರ್ಣಬಲದಿಂದ ಸೆಣಸಬಹುದು. ಪಟ್ಟು ಬಿಗಿಯಾದೊಡನೆ ಸೋತವನು ಕೈತಟ್ಟಿ ಸೋಲೊಪ್ಪಿದರೆ ಸಾಕು, ಗೆದ್ದವನು ಬಿಡಬೇಕು. ಅಪಾಯವನ್ನು ತೆಗೆದುಹಾಕಿದುದರಿಂದ ವಿದ್ಯೆ ದುರ್ಬಲವಾಗಬೇಕಿತ್ತು. ಆದರೆ ಪರಿಣಾಮವು ವಿಪರೀತವಾಯಿತು. ದಿನವೂ ಮಣಿಯದ ಎದುರಾಳಿಯೊಡನೆ ಸೆಣಸಿದ ವಿದ್ಯಾರ್ಥಿಗೆ ಕಾಲ, ದೂರ, ಸಮತೋಲಗಳ ಪ್ರತ್ಯಕ್ಷಜ್ಞಾನವು ಲಭಿಸಿತು. ಇದರಿಂದಲೇ ವಿದ್ಯೆಯು ಶಾಲೆಗಳಿಗೂ ಪ್ರವೇಶ ಪಡೆಯಿತು. ರವೀಂದ್ರನಾಥ ಠಾಕೂರರು ೧೯೨೯ರಲ್ಲಿ ಶಿಂಜೊ ತಕಾಗಾಕಿ ಎಂಬ ಜಪಾನಿ ಶಿಕ್ಷಕರನ್ನು ಶಾಂತಿನಿಕೇತನಕ್ಕೆ ಬರಮಾಡಿಕೊಂಡು, ಬಾಲಕರಿಗೂ ಬಾಲಕಿಯರಿಗೂ ಇದನ್ನು ಕಲಿಸಿದರು.

ಕೊದೊಕಾನಿನ ಶಿಷ್ಯರಲ್ಲೊಬ್ಬರಾದ ಮಿತ್ಸುಯೊ ಮಾಯೆದಾ ೧೯೧೪ರಲ್ಲಿ ಬ್ರೆಜಿಲನ್ನು ತಲುಪಿದರು. ಅವರಿಂದ ಕಲಿತ ಕಾರ್ಲೋಸ್ ಗ್ರೇಸಿ ೧೯೨೫ರಲ್ಲಿ ರಿಯೊ ನಗರದಲ್ಲಿ ಶಾಲೆಯನ್ನು ಸ್ಥಾಪಿಸಿದರು. ಅವರೂ ತಮ್ಮ ಹೇಲಿಯೊ ಗ್ರೇಸಿಯೂ ನೆಲದ ಮೇಲಣ ಹೋರಾಟವನ್ನು ವಿಶೇಷವಾಗಿ ಬೆಳೆಸಿದರು. ಇಂದಿನ ಬ್ರೆಜಿಲಿಯನ್ ಕ್ರೀಡಾ ನಿಯಮಗಳಲ್ಲಿ ಎದುರಾಳಿಯನ್ನು ಕೆಡಹಿದರೆ ೨ ಅಂಕ, ಅವನ ಕಾಲುಗಳ ತಡೆಯನ್ನು ದಾಟಿದರೆ ೩, ಎದೆಯ ಮೇಲೆ ಏರಿ ಕುಳಿತರೆ ೪. ಪ್ರಹಾರಕ್ಕೆ ಅವಕಾಶವೇ ಇಲ್ಲ. ಹೀಗಾಗಿ ಕ್ರೀಡಾಪಟುವು ಅನೇಕ ವೇಳೆ ತಾನಾಗಿಯೇ ನೆಲದ ಮೇಲೆ ಕುಳಿತು, ಕಾಲುಗಳಿಂದ ಎದುರಾಳಿಯನ್ನು ಬಂಧಿಸಲು ತೊಡಗುತ್ತಾನೆ. ಕಣದಲ್ಲಿ ಇದು ಜಾಣತನ, ಬೀದಿಯಲ್ಲಿ ವಿಪತ್ತು. ಜೂಡೊದಲ್ಲಿಯೂ ೨೦೧೦ ಮತ್ತು ೨೦೧೩ರ ಅಂತರರಾಷ್ಟ್ರೀಯ ನಿಯಮಗಳು ಎದುರಾಳಿಯ ಕಾಲನ್ನು ಕೈಯಿಂದ ಹಿಡಿಯುವುದನ್ನು ನಿರ್ಬಂಧಿಸಿದುದರಿಂದ, ಹಳೆಯ ಎಸೆತಗಳು ಹಲವು ಪಂದ್ಯಗಳಿಂದ ಮರೆಯಾದವು. ನಿಯಮ ಬಿಟ್ಟದ್ದನ್ನು ಅಭ್ಯಾಸಿಯೂ ಮರೆಯುತ್ತಾನೆ.

ಸಮರ ಪದ್ಧತಿ

೧೯೫೧ರಲ್ಲಿ ರಿಯೊದ ಮಾರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಮಸಾಹಿಕೊ ಕಿಮುರಾ ಅವರು ಹೇಲಿಯೊ ಗ್ರೇಸಿಯವರ ತೋಳನ್ನು ತಿರುಚಿ ಹಿಡಿದರು. ಹೇಲಿಯೊ ಸೋಲೊಪ್ಪಲಿಲ್ಲ, ಅಣ್ಣ ಕಾರ್ಲೋಸರು ನಡುವೆ ಬಂದು ಪಂದ್ಯವನ್ನು ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಇಂದಿಗೂ ‘ಕಿಮುರಾ’ ಎಂದೇ ಹೆಸರು. ಕ್ರೀಡೆ ನಿಂತಿರುವುದು ಸೋಲೊಪ್ಪುವ ಸಂಕೇತವನ್ನು ಇಬ್ಬರೂ ಮನ್ನಿಸುವರೆಂಬ ನಂಬಿಕೆಯ ಮೇಲೆ. ಸಮರದಲ್ಲಿ ಆ ನಂಬಿಕೆಗೆ ಎಡೆಯಿಲ್ಲ.

೧೯೯೩ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಅತ್ಯಲ್ಪ ನಿಯಮಗಳಿಂದ ನಡೆದ ಸ್ಪರ್ಧೆಯಲ್ಲಿ ಹೇಲಿಯೊ ಅವರ ಪುತ್ರ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ೧೯೯೫ರಲ್ಲಿ ಅಮೆರಿಕದ ಸೇನೆಯ ರೇಂಜರ್ ಪಡೆಯಲ್ಲಿ ಮ್ಯಾಟ್ ಲಾರ್ಸನ್ ರೂಪಿಸತೊಡಗಿದ ಶಿಕ್ಷಣಕ್ರಮಕ್ಕೂ ಬ್ರೆಜಿಲಿನ ಪದ್ಧತಿಯೇ ತಳಹದಿಯಾಯಿತು. ಆದರೆ ಸೈನಿಕನಿಗೆ ಆಯುಧವೂ ಉಂಟು, ಒಬ್ಬನಿಗಿಂತ ಹೆಚ್ಚು ಶತ್ರುಗಳೂ ಉಂಟು. ‘ಕಾಂಬ್ಯಾಟ್ ಜಿಯು ಜಿತ್ಸು’ ಎಂಬ ಇತ್ತೀಚಿನ ಸ್ಪರ್ಧೆಗಳಲ್ಲಿ ನೆಲದ ಮೇಲಿರುವಾಗ ಅಂಗೈಯಿಂದ ಹೊಡೆಯಲು ಅವಕಾಶವಿದೆ, ಮುಷ್ಟಿಗೆ ಇಲ್ಲ. ಅಂದರೆ ಇಲ್ಲಿಯೂ ಒಂದು ಎಲ್ಲೆ ಇದ್ದೇ ಇದೆ.

ಒಂದೇ ಪಟ್ಟು, ಮೂರು ಪಾಠ

ಮೊಣಕೈಯನ್ನು ನೀಳವಾಗಿ ಎಳೆದು ಮುರಿಯುವ ಪಟ್ಟನ್ನೇ ನೋಡಬಹುದು. ಸಂಪ್ರದಾಯಸ್ಥನು ಅದನ್ನು ಕಲಿಯುವಾಗ ಆ ಕೈಯಲ್ಲಿ ಕಿರುಗತ್ತಿಯಿದೆಯೆಂದು ಭಾವಿಸುತ್ತಾನೆ. ಕ್ರೀಡಾಪಟುವು ಬೆನ್ನ ಮೇಲೆ ಮಲಗಿಯೇ, ತಪ್ಪಿಸಿಕೊಳ್ಳಲು ಹೆಣಗುವವನ ಕೈಯನ್ನು ನೂರಾರು ಬಾರಿ ಹಿಡಿದು ಪಳಗಿರುತ್ತಾನೆ. ಸಮರದ ಅಭ್ಯಾಸಿಯು ಹಿಡಿಯದೆ ಉಳಿದ ಇನ್ನೊಂದು ಕೈಯನ್ನು ಗಮನಿಸಿ, ಬೇಗನೆ ಎದ್ದು ನಿಲ್ಲುವ ದಾರಿಯನ್ನು ಮೊದಲು ಹುಡುಕುತ್ತಾನೆ. ಆದರೆ ನಿಜವಾದ ಕತ್ತಿಯಿಂದ ನಿತ್ಯಾಭ್ಯಾಸ ಅಸಾಧ್ಯವಾದುದರಿಂದ, ಅವನೂ ಕೊನೆಗೆ ಮರದ ಕತ್ತಿಗೂ ಒಪ್ಪಂದದ ನಡೆಗಳಿಗೂ, ಎಂದರೆ ಸಂಪ್ರದಾಯದ ಕತಾಕ್ಕೇ, ಮರಳಬೇಕಾಗುತ್ತದೆ.

ಆದಕಾರಣ ಈ ಮೂರರಲ್ಲಿ ಯಾವುದು ಶ್ರೇಷ್ಠವೆಂಬ ವಾದವು ನಿರರ್ಥಕ. ಮೊದಲನೆಯದು ವಿದ್ಯೆಯ ನೆನಪನ್ನು ಕಾಯುತ್ತದೆ. ಎರಡನೆಯದು ಅದನ್ನು ಪರೀಕ್ಷೆಗೆ ಒಡ್ಡುತ್ತದೆ. ಮೂರನೆಯದು ಆ ಪರೀಕ್ಷೆಯ ಮಿತಿಯನ್ನು ತೋರಿಸುತ್ತದೆ. ಪದಕ ಗೆದ್ದ ಬಾಲಕನು ಚಾಕು ಹಿಡಿದವನ ಎದುರಿಗೆ ಧೈರ್ಯದಿಂದ ನುಗ್ಗಿದರೆ, ತಪ್ಪು ಆ ಬಾಲಕನದಲ್ಲ, ಪಾಠದ ಎಲ್ಲೆಯನ್ನು ಹೇಳದ ಶಿಕ್ಷಕನದು. ಯಾವ ವಿದ್ಯೆಯನ್ನೇ ಆಗಲಿ ಬಾಲಕರಿಗೆ ಕಲಿಸುವಾಗ ಕೆಲವನ್ನು ಬಿಟ್ಟೇ ಕಲಿಸಬೇಕಾಗುತ್ತದೆ. ಬಿಟ್ಟದ್ದು ಯಾವುದು, ಏಕೆ ಬಿಟ್ಟಿತು ಎಂಬುದನ್ನು ಶಿಷ್ಯನಿಗೆ ತಿಳಿಯಹೇಳುವುದೂ ಗುರುವಿನ ಕರ್ತವ್ಯದಲ್ಲಿ ಸೇರಿದೆ.