ಚಿತ್ರದಿಂದ ಗೋಪುರ, ಗೋಪುರದಿಂದ ಚಿತ್ರ

ಛಾಯಾಚಿತ್ರವೊಂದನ್ನು ಕೈಗೆತ್ತಿಕೊಂಡು ನೋಡಿದರೆ ಅದರಲ್ಲಿ ನಮಗೆ ಕಟ್ಟಡವೋ ಮರವೋ ಕಾಣಿಸುತ್ತದೆ. ವಾಸ್ತವದಲ್ಲಿ ಆ ಕಾಗದದ ಮೇಲೆ ಇರತಕ್ಕದ್ದು ಹೆಚ್ಚು ಕಡಮೆ ಹೊಳಪಿನ ಮಚ್ಚೆಗಳು ಮಾತ್ರ. ಗಣಕಯಂತ್ರವನ್ನು ಹೊಕ್ಕ ಚಿತ್ರವಾದರೋ ಬರಿಯ ಅಂಕಿಗಳ ಕೋಷ್ಟಕ: ಸಾಮಾನ್ಯವಾಗಿ 0 ಎಂದರೆ ಕಪ್ಪು, 255 ಎಂದರೆ ಬಿಳುಪು, ನಡುವಣ ಅಂಕಿಗಳು ಬೂದುಬಣ್ಣದ ಮೆಟ್ಟಲುಗಳು. ಈ ಅಂಕಿಗಳಿಂದ ಹಿಂದಕ್ಕೆ ನಡೆದು, ಎದುರಿಗಿದ್ದ ವಸ್ತುವಿನ ಆಕಾರ, ದೂರ, ಬಣ್ಣಗಳನ್ನು ಕಂಡುಹಿಡಿಯುವುದು ಕಂಪ್ಯೂಟರ್ ವಿಷನ್, ಎಂದರೆ ಗಣಕದೃಷ್ಟಿ ಎಂಬ ಶಾಸ್ತ್ರದ ಕೆಲಸ. ಇದಕ್ಕೆ ವಿರುದ್ಧವಾದ ದಾರಿಯಲ್ಲಿ ಸಾಗಿ, ಆಕಾರ, ಬಣ್ಣ, ಬೆಳಕುಗಳ ವಿವರದಿಂದ ಅಂಕಿಗಳನ್ನು ಲೆಕ್ಕಹಾಕಿ ಚಿತ್ರವನ್ನು ಬರೆಯುವುದು ಕಂಪ್ಯೂಟರ್ ಗ್ರಾಫಿಕ್ಸ್.

ಎರಡು ಶಾಸ್ತ್ರಗಳೂ ಒಂದೇ ತೊಟ್ಟಿಲಲ್ಲಿ ಬೆಳೆದವು ಎನ್ನಬಹುದು. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಲಾರೆನ್ಸ್ ರಾಬರ್ಟ್ಸ್ ಸಲ್ಲಿಸಿದ ಪ್ರಬಂಧದಲ್ಲಿ, ಯಂತ್ರವು ಕೆಲವು ಸರಳ ಘನವಸ್ತುಗಳ ಛಾಯಾಚಿತ್ರವನ್ನು ನೋಡಿ ಅವುಗಳ ಆಕಾರವನ್ನು ಗುರುತಿಸಿ, ಅವನ್ನೇ ಬೇರೊಂದು ದಿಕ್ಕಿನಿಂದ ನೋಡಿದಂತೆ, ಮರೆಯಾಗುವ ಗೆರೆಗಳನ್ನು ಅಳಿಸಿ ಪುನಃ ಬರೆದು ತೋರಿಸಿತು. ಆಮೇಲೆ ಇಬ್ಬರು ಸೋದರರೂ ಬೇರೆ ಮನೆ ಮಾಡಿಕೊಂಡರು. ಅವರು ಮತ್ತೆ ಗಾಢವಾಗಿ ಕೂಡಿಬಂದದ್ದು 1990ರ ದಶಕದಲ್ಲಿ.

ಕೂಡಬೇಕಾದ ಕಾರಣವೇನು? ಬೆಳಕು ಒಂದು ಮೇಲ್ಮೈಯಿಂದ ಇನ್ನೊಂದಕ್ಕೆ ಹಾರುತ್ತ ಸಾಗುವುದನ್ನು ವಿವರಿಸುವ ಸಮೀಕರಣವನ್ನು 1986ರಲ್ಲಿಯೇ ಜೇಮ್ಸ್ ಕಾಜಿಯ ಅವರು ಗ್ರಾಫಿಕ್ಸಿಗೆ ಒದಗಿಸಿಕೊಟ್ಟಿದ್ದರು. ಆದರೆ ಸಮೀಕರಣವಿದ್ದರೆ ಸಾಲದು. ಗೋಡೆಯ ಪ್ರತಿಯೊಂದು ಬಿರುಕನ್ನೂ, ಮಳೆನೀರು ಇಳಿದ ಪ್ರತಿಯೊಂದು ಕಲೆಯನ್ನೂ ಯಾರಾದರೂ ಯಂತ್ರಕ್ಕೆ ಹೇಳಿಕೊಡಬೇಕು. ಹೇಳದಿದ್ದರೆ ಚಿತ್ರವು ಪ್ಲಾಸ್ಟಿಕ್ ಆಟಿಕೆಯಂತೆ ಕಾಣುತ್ತದೆ. ಛಾಯಾಚಿತ್ರದಲ್ಲಿ ಆ ಬಿರುಕು, ಕಲೆಗಳೆಲ್ಲ ಪುಕ್ಕಟೆಯಾಗಿ ದೊರೆಯುತ್ತವೆ. ಅದರ ಕೊರತೆಯೆಂದರೆ, ಕ್ಯಾಮೆರಾ ನಿಂತಿದ್ದ ಒಂದೇ ಸ್ಥಳಕ್ಕೆ ಅದು ಕಟ್ಟುಬಿದ್ದಿದೆ. ಒಂದರ ಬಡತನವನ್ನು ಇನ್ನೊಂದರ ಸಿರಿಯಿಂದ ನೀಗಿಸಬಹುದಲ್ಲವೇ?

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಆವರಣದಲ್ಲಿ 307 ಅಡಿ, ಎಂದರೆ ಸುಮಾರು 94 ಮೀಟರ್ ಎತ್ತರದ ಗಂಟೆಗೋಪುರವೊಂದಿದೆ. 1996ರಲ್ಲಿ ಅಲ್ಲಿಯ ಪಾಲ್ ಡೆಬೆವೆಕ್, ಕಮಿಲೊ ಟೇಲರ್ ಮತ್ತು ನಮ್ಮ ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ ಹೋದ ಜಿತೇಂದ್ರ ಮಲಿಕ್, ಈ ಮೂವರು ಛಾಯಾಚಿತ್ರಗಳಿಂದ ಕಟ್ಟಡಗಳನ್ನು ಮರುರಚಿಸುವ ಒಂದು ವಿಧಾನವನ್ನು ಪ್ರಕಟಿಸಿದರು. ಅದರ ತಿರುಳು ಪ್ರೌಢಶಾಲೆಯ ಸಮರೂಪ ತ್ರಿಭುಜಗಳಿಗಿಂತ ಆಚೆಯದಲ್ಲ.

ಲೆಕ್ಕ ಮಾಡಿ ನೋಡೋಣ. 94 ಮೀಟರ್ ಎತ್ತರದ ಗೋಪುರವನ್ನು 188 ಮೀಟರ್ ದೂರದಿಂದ, 50 ಮಿಲಿಮೀಟರ್ ಸಂಗಮದೂರದ ಮಸೂರದ ಮೂಲಕ ಚಿತ್ರಿಸಿದರೆ ಬಿಂಬದ ಎತ್ತರ 50 × 94/188, ಎಂದರೆ 25 ಮಿಲಿಮೀಟರ್. ಆದರೆ 47 ಮೀಟರಿನ ಗೋಪುರವನ್ನು 94 ಮೀಟರ್ ದೂರದಿಂದ ಚಿತ್ರಿಸಿದರೂ ಬಿಂಬ ಅಷ್ಟೇ! ಆದಕಾರಣ ಒಂದೇ ಚಿತ್ರದಿಂದ ದೂರವಾಗಲಿ ಗಾತ್ರವಾಗಲಿ ತಿಳಿಯದು. ಈಗ ಕ್ಯಾಮೆರಾವನ್ನು ದಿಕ್ಕು ತಿರುಗಿಸದೆ 20 ಮೀಟರ್ ಪಕ್ಕಕ್ಕೆ ಸರಿಸಿ ಇನ್ನೊಂದು ಚಿತ್ರವನ್ನು ತೆಗೆಯೋಣ. ದೂರದ ಗೋಪುರದ ಬಿಂಬ 50 × 20/188, ಎಂದರೆ ಸುಮಾರು 5.3 ಮಿಲಿಮೀಟರ್ ಸರಿಯುತ್ತದೆ. ಹತ್ತಿರದ್ದು ಅದರ ಎರಡರಷ್ಟು, 10.6 ಮಿಲಿಮೀಟರ್. ಗುಟ್ಟು ರಟ್ಟಾಯಿತು. ರೈಲಿನಲ್ಲಿ ಕುಳಿತವನಿಗೆ ಹತ್ತಿರದ ತಂತಿಕಂಬಗಳು ಓಡುವಂತೆಯೂ ದೂರದ ಬೆಟ್ಟ ಜೊತೆಗೇ ಬರುವಂತೆಯೂ ತೋರುವುದು ಇದೇ ದೃಗ್ಭೇದದಿಂದ.

ಬರ್ಕ್ಲಿಯವರ ಜಾಣತನವೇನೆಂದರೆ, ಅವರು ಸುಲಭವಾದ ಕೆಲಸವನ್ನು ಮನುಷ್ಯನಿಗೂ ಬೇಸರದ ಕೆಲಸವನ್ನು ಯಂತ್ರಕ್ಕೂ ಹಂಚಿದರು. "ಈ ಕಟ್ಟಡವು ಒಂದರ ಮೇಲೊಂದಿಟ್ಟ ಪೆಟ್ಟಿಗೆಗಳಂತಿದೆ, ತುದಿಯಲ್ಲಿ ಒಂದು ಪಿರಮಿಡ್ ಇದೆ" ಎಂದು ಮನುಷ್ಯನು ಸೂಚಿಸಿ, ಚಿತ್ರಗಳಲ್ಲಿ ಅದರ ಅಂಚುಗಳನ್ನು ಗುರುತು ಮಾಡುತ್ತಾನೆ. ಯಂತ್ರವು ಪೆಟ್ಟಿಗೆಗಳ ಉದ್ದಗಲಗಳನ್ನೂ ಕ್ಯಾಮೆರಾ ನಿಂತ ಸ್ಥಳಗಳನ್ನೂ ಹೊಂದಿಸುತ್ತ ಹೊಂದಿಸುತ್ತ, ಲೆಕ್ಕದ ಅಂಚುಗಳು ಚಿತ್ರದ ಅಂಚುಗಳ ಮೇಲೆ ಕೂಡುವವರೆಗೆ ಬಿಡುವುದಿಲ್ಲ. ಬಳಿಕ ಛಾಯಾಚಿತ್ರಗಳನ್ನು, ಸ್ಲೈಡ್ ಪ್ರೊಜೆಕ್ಟರಿನಿಂದ ಬಿಟ್ಟಂತೆ, ಆ ಬರಿಯ ಪೆಟ್ಟಿಗೆಗಳ ಮೇಲೆ ಬೀಳಿಸಲಾಗುತ್ತದೆ. 1997ರಲ್ಲಿ ಅವರು ತಯಾರಿಸಿದ ಕಿರುಚಿತ್ರದಲ್ಲಿ ನೋಟವು ಗೋಪುರದ ಸುತ್ತ ಹಕ್ಕಿಯಂತೆ ಹಾರಾಡುತ್ತದೆ; ಆದರೆ ಯಾವ ವಿಮಾನವೂ ಆ ದಾರಿಯಲ್ಲಿ ಹಾರಿದ್ದಿಲ್ಲ. ಮೇಲಿನಿಂದ ಬೇಕಾದ ಚಿತ್ರಗಳಿಗಾಗಿ ಕ್ಯಾಮೆರಾವನ್ನು ಗಾಳಿಪಟಕ್ಕೆ ಕಟ್ಟಿ ಏರಿಸಿದ್ದರಂತೆ! 1999ರ 'ದಿ ಮೇಟ್ರಿಕ್ಸ್' ಚಲನಚಿತ್ರದ ಕೆಲವು ಹಿನ್ನೆಲೆ ದೃಶ್ಯಗಳಿಗೆ ಇದೇ ಬಗೆಯ ತಂತ್ರವು ಉಪಯೋಗಕ್ಕೆ ಬಂದಿತು.

ಆಕಾರದ ಪ್ರಶ್ನೆ ತಕ್ಕಮಟ್ಟಿಗೆ ಬಗೆಹರಿಯಿತು. ಬೆಳಕಿನ ಪ್ರಶ್ನೆ ಇದಕ್ಕಿಂತ ಕಠಿನ; ಭೌತಶಾಸ್ತ್ರದ ದೃಷ್ಟಿಯಿಂದ ಹೆಚ್ಚು ಸೊಗಸಾದದ್ದೂ ಹೌದು. ಮಧ್ಯಾಹ್ನ ತೆಗೆದ ಚಿತ್ರಗಳಿಂದ ಕಟ್ಟಿದ ಗೋಪುರವನ್ನು ಬೆಳದಿಂಗಳಿನಲ್ಲಿ ತೋರಿಸಬೇಕಾದರೆ, ಚಿತ್ರದಲ್ಲಿ ಬೆರೆತಿರುವ ಬಿಸಿಲನ್ನು ಮೊದಲು ಬೇರ್ಪಡಿಸಬೇಕಷ್ಟೆ. ಕ್ಯಾಮೆರಾಕ್ಕೆ ತಲಪುವುದು ಎರಡು ಸಂಖ್ಯೆಗಳ ಗುಣಲಬ್ಧ: ಮೇಲ್ಮೈಯ ಮೇಲೆ ಬಿದ್ದ ಬೆಳಕು, ಮತ್ತು ಅದರಲ್ಲಿ ಎಷ್ಟು ಭಾಗವನ್ನು ಮೇಲ್ಮೈ ಹಿಂದಿರುಗಿಸುತ್ತದೆ ಎಂಬುದು. ಶೇಕಡಾ 80ರಷ್ಟನ್ನು ಹಿಂದಿರುಗಿಸುವ ಸುಣ್ಣದ ಗೋಡೆ ನೆರಳಿನಲ್ಲಿದ್ದು, ಶೇಕಡಾ 20ರಷ್ಟನ್ನು ಹಿಂದಿರುಗಿಸುವ ಬೂದುಗಲ್ಲು ನಾಲ್ಕರಷ್ಟು ಬೆಳಕಿನಲ್ಲಿದ್ದರೆ ಎರಡರ ಅಂಕಿಯೂ ಒಂದೇ. ಗುಣಲಬ್ಧ 24 ಎಂದಷ್ಟೇ ತಿಳಿದವನು ಅದು ಆರು ನಾಲ್ಕಲಿಯೋ ಎಂಟು ಮೂರಲಿಯೋ ಹೇಗೆ ಹೇಳಿಯಾನು?

ಒಂದು ಉಪಾಯವೆಂದರೆ ಬೀಳುವ ಬೆಳಕನ್ನು ಬೇರೆಯಾಗಿ ಅಳೆಯುವುದು. 1998ರಲ್ಲಿ ಡೆಬೆವೆಕ್ ಇದಕ್ಕಾಗಿ ಕನ್ನಡಿಯಂತೆ ಹೊಳೆಯುವ ಗುಂಡೊಂದನ್ನು ದೃಶ್ಯದ ನಡುವೆ ಇಟ್ಟು ಅದರ ಚಿತ್ರವನ್ನು ತೆಗೆದರು. ಗುಂಡಿನ ಬಿಂಬದ ಮಧ್ಯದಲ್ಲಿ ಕ್ಯಾಮೆರಾ ತನ್ನನ್ನೇ ಕಾಣುತ್ತದೆ. ಮಧ್ಯದಿಂದ ಆಚೆಗೆ ಹೋದಂತೆ ಪತನಕೋನ ಹೆಚ್ಚುತ್ತದೆ. ಕಿರಣವು ಆ ಕೋನದ ಎರಡರಷ್ಟು ತಿರುಗುತ್ತದೆ. ತ್ರಿಜ್ಯದ 0.707 ಭಾಗದಲ್ಲಿ ಪತನಕೋನ 45 ಡಿಗ್ರಿ. ಅಲ್ಲಿ ಕಾಣುವುದು ನೇರ ಪಕ್ಕದಲ್ಲಿರುವ ವಸ್ತು. ಅದಕ್ಕೂ ಹೊರಗಿನ ಬಳೆಯಲ್ಲಿ ಗುಂಡಿನ ಹಿಂದಿರುವ ಜಗತ್ತು ಅಡಗಿದೆ. 0.707ರ ವರ್ಗ 0.5 ಆದ್ದರಿಂದ ಬಿಂಬದ ಅರ್ಧ ವಿಸ್ತೀರ್ಣ ಮುಂದಿನ ಅರ್ಧಗೋಳಕ್ಕೆ, ಉಳಿದರ್ಧ ಹಿಂದಿನದಕ್ಕೆ! ಹೀಗೆ ಗುಂಡಿನ ಬೆನ್ನಿಗೆ ಮರೆಯಾದ ಕಿರಿದಾದ ಭಾಗವೊಂದನ್ನು ಬಿಟ್ಟು, ಎಲ್ಲ ದಿಕ್ಕುಗಳಿಂದ ಬರುವ ಬೆಳಕೂ ಒಂದೇ ಚಿತ್ರದಲ್ಲಿ ಸಿಕ್ಕುತ್ತದೆ. ವಾಚಕರು ದೊಡ್ಡ ಉಕ್ಕಿನ ಬೇರಿಂಗ್ ಗುಂಡೊಂದನ್ನು ಮೇಜಿನ ಮೇಲಿಟ್ಟು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ತಮ್ಮ ಮುಖವನ್ನು ಅಲ್ಲಿಂದ ತಪ್ಪಿಸುವುದು ಎಷ್ಟು ಕಷ್ಟವೆಂಬುದೂ ಆಗ ತಿಳಿಯುತ್ತದೆ.

ಇನ್ನೊಂದು ತೊಡಕುಂಟು. ದೀಪದ ಹೊಳಪಿಗೂ ಮೂಲೆಯ ಕತ್ತಲಿಗೂ ಸಾವಿರಾರು ಪಟ್ಟು ಅಂತರ. ಅಂಕಿಗಳೋ 255ಕ್ಕೆ ಮುಗಿಯುತ್ತವೆ. ಆದ್ದರಿಂದ ಒಂದೇ ದೃಶ್ಯವನ್ನು ಬೇರೆಬೇರೆ ಕಾಲಾವಧಿಗಳಲ್ಲಿ ಚಿತ್ರಿಸಬೇಕು. ನಿದರ್ಶನಕ್ಕಾಗಿ, 1/1000 ಸೆಕೆಂಡಿನ ಚಿತ್ರದಲ್ಲಿ ಕಿಟಕಿಯ ಅಂಕಿ 200, 1/10 ಸೆಕೆಂಡಿನದರಲ್ಲಿ ಮೂಲೆಯ ಅಂಕಿ 40 ಎಂದಿಟ್ಟುಕೊಳ್ಳೋಣ. ಕಾಲದಿಂದ ಭಾಗಿಸಿದರೆ ಕಿಟಕಿಗೆ 2,00,000, ಮೂಲೆಗೆ 400. ಅಂತರ 500 ಪಟ್ಟು. ನಿಜವಾದ ಕ್ಯಾಮೆರಾದ ಅಂಕಿ ಬೆಳಕಿಗೆ ನೇರ ಅನುಪಾತದಲ್ಲಿರುವುದಿಲ್ಲ. ಆ ವಕ್ರರೇಖೆಯನ್ನು ಚಿತ್ರಗಳಿಂದಲೇ ಕಂಡುಹಿಡಿಯುವ ಕ್ರಮವನ್ನು ಡೆಬೆವೆಕ್ ಮತ್ತು ಮಲಿಕ್ 1997ರಲ್ಲಿ ಕೊಟ್ಟರು. ಇಷ್ಟಾದ ಮೇಲೆ, ಎಂದೂ ಇಲ್ಲದ ಹೂಜಿಯೊಂದನ್ನು ನಿಜವಾದ ಮೇಜಿನ ಮೇಲೆ ಬರೆದು, ಅದಕ್ಕೆ ಆ ಕೋಣೆಯದೇ ಬೆಳಕನ್ನೂ ನೆರಳನ್ನೂ ಕೊಡಬಹುದು.

2020ರಲ್ಲಿ ಬಂದ ನೆರ್ಫ್ ಎಂಬ ವಿಧಾನದಲ್ಲಿ ಪೆಟ್ಟಿಗೆಗಳನ್ನು ಸೂಚಿಸುವ ಮನುಷ್ಯನೂ ಬೇಕಾಗಿಲ್ಲ. ಪ್ರತಿ ಬಿಂದುವಿನಲ್ಲಿ ಎಷ್ಟು ದಟ್ಟಣೆ, ಯಾವ ದಿಕ್ಕಿಗೆ ಯಾವ ಬಣ್ಣ ಎಂಬುದನ್ನು ನರಜಾಲವೊಂದು ಹೇಳುತ್ತದೆ. ಅದರ ಉತ್ತರಗಳಿಂದ ಲೆಕ್ಕಹಾಕಿದ ಚಿತ್ರವು ನಿಜಚಿತ್ರಕ್ಕೆ ಸರಿಹೊಂದುವವರೆಗೂ ಅದನ್ನು ತಿದ್ದಲಾಗುತ್ತದೆ. ಪ್ರಯೋಗಶಾಲೆಯಲ್ಲಿ ಬಿಂದುಗಳ ನಡುವೆ ಗೆರೆ ಹೊಂದಿಸುವ ಕೆಲಸವೇ ಇದು, ಗಾತ್ರದಲ್ಲಿ ದೊಡ್ಡದು ಅಷ್ಟೆ. ಆದರೆ ಅದರ ಮೂಲರೂಪದಲ್ಲಿ ಬಣ್ಣವೂ ಬೆಳಕೂ ಬೆರೆತೇ ಉಳಿಯುತ್ತವೆ; 24ರ ಪ್ರಶ್ನೆ ಅಲ್ಲಿಯೂ ಹಾಗೆಯೇ ಇದೆ.

ಹೀಗೆ ಮಾಡಿದ ಚಿತ್ರವನ್ನು ಸಾಕ್ಷ್ಯವೆಂದು ಯಾರಾದರೂ ಮುಂದಿಟ್ಟರೆ ಪರೀಕ್ಷಿಸುವುದು ಹೇಗೆ? ಒಂದು ಸರಳ ರೇಖಾಗಣಿತದ ಕ್ರಮವುಂಟು. ಚಿತ್ರದಲ್ಲಿ ಮನುಷ್ಯನ ನೆತ್ತಿಯಿಂದ ಅದರ ನೆರಳಿಗೆ, ಕಂಬದ ತುದಿಯಿಂದ ಅದರ ನೆರಳಿಗೆ, ಹೀಗೆ ಹಲವು ಗೆರೆಗಳನ್ನು ಎಳೆದು ಹಿಂದಕ್ಕೆ ಬೆಳೆಸಿದರೆ, ಅವೆಲ್ಲ ದೀಪದ ಅಥವಾ ಸೂರ್ಯನ ಬಿಂಬಸ್ಥಾನದಲ್ಲಿ ಕೂಡಬೇಕು. ಸೂರ್ಯನು ಕ್ಯಾಮೆರಾದ ಬೆನ್ನ ಹಿಂದಿದ್ದರೆ ಗೆರೆಗಳು ದಿಗಂತದ ಕೆಳಗೆ ಕೂಡುತ್ತವೆ; ನೇರ ಪಕ್ಕದಲ್ಲಿದ್ದರೆ ಸಮಾಂತರವಾಗಿರುತ್ತವೆ. ಒಂದು ಗೆರೆ ಮಾತ್ರ ಬೇರೆ ಕಡೆಗೆ ಓಡಿದರೆ ಆ ಮನುಷ್ಯನನ್ನು ತಂದು ಅಂಟಿಸಿರಬೇಕೆಂದು ಬಲವಾಗಿ ಶಂಕಿಸಬಹುದು. ಅವಸರದ ಕೃತ್ರಿಮವು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಹೊಳೆಯುವ ಗುಂಡನ್ನಿಟ್ಟು ಬೆಳಕನ್ನು ಸರಿಯಾಗಿ ಅಳೆದು ರಚಿಸಿದ ಚಿತ್ರದಲ್ಲಿ ಮಾತ್ರ ಗೆರೆಗಳೆಲ್ಲ ಕೂಡಬೇಕಾದ ಕಡೆಯೇ ಕೂಡುತ್ತವೆ.