ಉಜ್ಜಬೇಡಿ, ನೆನೆಯಲು ಬಿಡಿ

ಮಳೆ ನಿಂತು ರಸ್ತೆಗೆ ಡಾಂಬರು ಬೀಳತೊಡಗಿತೆಂದರೆ ಈ ಅಂಕಣಕ್ಕೂ ಅದರ ಸಿಡಿತ ತಪ್ಪಿದ್ದಲ್ಲ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರಿನ ಬಣ್ಣಕ್ಕೆ ಕಚ್ಚಿಕೊಂಡ ಡಾಂಬರಿನ ದೂರುಗಳೇ. ಆರಿಸಿ, ಒಟ್ಟಿಗೇ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನನ್ನದು ನಾಲ್ಕು ತಿಂಗಳ ಹಿಂದೆ ಕೊಂಡ ಬಿಳಿ ಕಾರು. ಹೋದ ವಾರ ಮಗಳ ಮನೆಗೆ ಹೋಗುವಾಗ ಆಗಷ್ಟೇ ಡಾಂಬರು ಹಾಕಿದ್ದ ರಸ್ತೆಯಲ್ಲಿ ಮೂರ್ನಾಲ್ಕು ಕಿಲೋಮೀಟರ್ ಸಾಗಬೇಕಾಯಿತು. ಮನೆಗೆ ಬಂದು ನೋಡಿದರೆ ಚಕ್ರಗಳ ಹಿಂದೆ, ಬಾಗಿಲುಗಳ ಕೆಳಗೆ ಸಾಸಿವೆ ಎರಚಿದ ಹಾಗೆ ಕಪ್ಪು ಚುಕ್ಕಿಗಳು. ಎರಡು ಸಲ ಶಾಂಪೂ ಹಾಕಿ ತೊಳೆದರೂ ಜಪ್ಪಯ್ಯ ಅನ್ನುತ್ತಿಲ್ಲ. ಪಕ್ಕದ ಮನೆಯ ಹುಡುಗ ಪೆಟ್ರೋಲ್ ಹಾಕಿ ಒರೆಸಿ ಅನ್ನುತ್ತಾನೆ. ನಮ್ಮ ಮನೆಯವರು ಪಾತ್ರೆ ಉಜ್ಜುವ ಸ್ಟೀಲ್ ನಾರು ಹಿಡಿದು ನಿಂತಿದ್ದಾರೆ. ಯಾರ ಮಾತು ಕೇಳಲಿ?
– ನಿವೃತ್ತ ಶಿಕ್ಷಕ, ಸಕಲೇಶಪುರ

ಉತ್ತರ: ಮೇಷ್ಟ್ರೇ, ಇಬ್ಬರ ಮಾತೂ ಬೇಡ. ಸ್ಟೀಲ್ ನಾರು ಮೊದಲು ಅಡುಗೆಮನೆಗೆ ವಾಪಸು ಹೋಗಲಿ.

ನಿಮ್ಮ ಕಡೆ ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುತ್ತೀರಲ್ಲ? ಮೇಣ ನೀರಿಗೆ ಬಗ್ಗದು, ಎಣ್ಣೆಗೆ ಬಗ್ಗುತ್ತದೆ. ಡಾಂಬರಿನ ಗುಣವೂ ಅದೇ. ಈಗ ರಸ್ತೆಗೆ ಹಾಕುವುದು ಕಲ್ಲಿದ್ದಲಿನ ಟಾರ್ ಅಲ್ಲ, ಬಿಟುಮೆನ್. ಮಂಗಳೂರಿನ ಎಂಆರ್‌ಪಿಎಲ್‌ನಂಥ ಸಂಸ್ಕರಣಾಗಾರಗಳಲ್ಲಿ ಕಚ್ಚಾ ತೈಲದಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಬೇರ್ಪಟ್ಟ ಮೇಲೆ ತಳದಲ್ಲಿ ಉಳಿಯುವ ಜಿಗುಟು ಅದು. ಸೀಮೆಎಣ್ಣೆಗೂ ಡಾಂಬರಿಗೂ ತಾಯಿ ಒಬ್ಬಳೇ. ಅದಕ್ಕೇ ಒಂದರಲ್ಲಿ ಇನ್ನೊಂದು ಕರಗುತ್ತದೆ. ನಿಮ್ಮ ಶಾಂಪೂ ನೀರು ಎಷ್ಟು ಸುರಿದರೂ ಹೊರಗಿನವರೇ.

ಉಜ್ಜಬಾರದು ಏಕೆ? ಕಾರಿನ ಬಣ್ಣವೆಂದರೆ ಕೆಳಗೆ ಪ್ರೈಮರ್, ಮೇಲೆ ಬಣ್ಣ, ಅದರ ಮೇಲೆ ಹೊಳಪು ಕೊಡುವ ಕ್ಲಿಯರ್ ಕೋಟ್. ಈ ಕ್ಲಿಯರ್ ಕೋಟಿನ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಡಾಂಬರಿನ ಪ್ರತಿ ಚುಕ್ಕಿಯೊಳಗೂ ಜಲ್ಲಿಪುಡಿ ಅಡಗಿರುತ್ತದೆ. ಒಣಗಿದ್ದನ್ನು ಹಾಗೇ ಉಜ್ಜಿದರೆ ಉಪ್ಪುಕಾಗದದಲ್ಲಿ ತಿಕ್ಕಿದ ಹಾಗೆಯೇ. ಇನ್ನು ಪೆಟ್ರೋಲ್. ಅದರ ಆವಿ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಪಾಯ ಹಾಗಿರಲಿ, ಕೆಲಸಕ್ಕೂ ಬಾರದು: ಡಾಂಬರು ಮೆತ್ತಗಾಗುವ ಮೊದಲೇ ತಾನು ಆರಿಹೋಗುತ್ತದೆ.

ಮಾಡಬೇಕಾದದ್ದು ಇಷ್ಟು. ಕಾರನ್ನು ನೆರಳಿಗೆ ತನ್ನಿ, ತಗಡು ತಣ್ಣಗಾಗಲಿ. ನೀರು ಹಾಯಿಸಿ ಮಣ್ಣು, ಮರಳು ಪೂರ್ತಿ ತೆಗೆದು ಒರೆಸಿಕೊಳ್ಳಿ. ಕಾರಿನ ಸಾಮಾನಿನ ಅಂಗಡಿಯಲ್ಲಿ ಟಾರ್ ರಿಮೂವರ್ ಸಿಕ್ಕರೆ ಅದು. ಇಲ್ಲದಿದ್ದರೆ ಸೀಮೆಎಣ್ಣೆ ಅಥವಾ ಪೇಂಟ್ ಅಂಗಡಿಯ ಟರ್ಪೆಂಟೈನ್. ಸುತ್ತಮುತ್ತ ಬೆಂಕಿ, ಬೀಡಿ ಇರಬಾರದು. ಕೈಗೆ ಗ್ಲೌಸ್ ಇರಲಿ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಹಚ್ಚಿ ನೋಡಿ. ಬಣ್ಣಕ್ಕೆ ಏನೂ ಆಗದಿದ್ದರೆ ಹಳೆಯ ಬನಿಯನ್ ಬಟ್ಟೆ ಅದ್ದಿ, ಚುಕ್ಕಿಗಳ ಮೇಲೆ ಒತ್ತಿ ಹಿಡಿಯಿರಿ. ಸೀಮೆಎಣ್ಣೆಗೆ ನಾಲ್ಕೈದು ನಿಮಿಷ ಕೊಡಿ. ರಿಮೂವರ್ ಆದರೆ ಡಬ್ಬಿಯ ಮೇಲೆ ಬರೆದಷ್ಟೇ ಹೊತ್ತು. ಚುಕ್ಕಿಯ ಅಂಚಿನಿಂದ ಕಂದು ರಸ ಇಳಿಯತೊಡಗಿದರೆ ಅದು ಸೋತಿತು ಎಂದೇ ಅರ್ಥ. ಆಗ ಮೆಲ್ಲಗೆ ಒಂದೇ ದಿಕ್ಕಿಗೆ ಒರೆಸಿ, ಬಟ್ಟೆಯ ಮಡಿಕೆ ಬದಲಿಸಿ. ಕೊಳೆಯಾದ ಮಡಿಕೆಯಲ್ಲೇ ಮತ್ತೆ ಒರೆಸಿದರೆ ಚುಕ್ಕಿ ಹೋಗಿ ಬಳಿದ ಹಾಗಾದೀತು.

ಒಂದು ಸಲಕ್ಕೆ ಅಂಗೈಯಗಲದ ಜಾಗ ಸಾಕು. ಚಕ್ರದ ಪಕ್ಕ ಕೆಲಸ ಮಾಡುವಾಗ ಒಂದು ಹನಿಯೂ ಬ್ರೇಕ್ ಡಿಸ್ಕಿಗೆ ಸಿಡಿಯಬಾರದು. ಎಣ್ಣೆಯಾದ ಬ್ರೇಕು ಹಿಡಿಯುವುದಿಲ್ಲ. ಟೈರು, ಬಾಗಿಲಿನ ರಬ್ಬರ್ ಬೀಡಿಂಗಿಗೂ ಸೀಮೆಎಣ್ಣೆ ಆಗಿಬರದು. ಕೊನೆಗೆ ಶಾಂಪೂ ಹಾಕಿ ಜಿಡ್ಡು ಹೋಗುವವರೆಗೆ ತೊಳೆದು, ಆ ಜಾಗಕ್ಕೆ ವ್ಯಾಕ್ಸ್ ಹಚ್ಚಿ. ಡಾಂಬರಿನ ಜೊತೆ ಹಳೆಯ ವ್ಯಾಕ್ಸೂ ಕರಗಿ ಹೋಗಿರುತ್ತದೆ.

ಪ್ರಶ್ನೆ: ಸರ್, ನಂದು ಬಾಡಿಗಿ ಗಾಡಿ. ಬಾಗಿಲಿಗೆ, ಹಿಂದಿನ ಬಂಪರಿಗೆ ಡಾಂಬರ್ ಹತ್ತಿತ್ತು. ಗೆಳೆಯ ಥಿನ್ನರ್ ಹಚ್ಚು ಅಂದ, ಹಚ್ಚಿದೆ. ಬಾಗಿಲಿಗೆ ಏನೂ ಆಗಿಲ್ಲ. ಬಂಪರಿನ ಡಾಂಬರ್ ಹೋತು, ಅದರ ಜೋಡಿ ಹೊಳಪೂ ಹೋತು. ಹಿಂಗ್ಯಾಕ?
– ಟ್ಯಾಕ್ಸಿ ಚಾಲಕ, ಹುಬ್ಬಳ್ಳಿ

ಉತ್ತರ: ತಮ್ಮಾ, ಆ ಬಂಪರಿಗೆ ಎಂದೋ ಒಮ್ಮೆ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದ್ದಿರಬೇಕು. ಕಾರ್ಖಾನೆಯಲ್ಲಿ ತಗಡಿನ ಬಣ್ಣವನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್ ಬಂಪರು ಅಷ್ಟು ಕಾವು ತಡೆಯದು. ಗ್ಯಾರೇಜಿನ ಬಣ್ಣವಂತೂ ಎಷ್ಟೋ ಕಡೆ ಗಾಳಿಗೆ ಆರಿದ್ದು. ಸುಟ್ಟ ಇಟ್ಟಿಗೆ ನೀರಲ್ಲಿ ಬಿದ್ದರೂ ಇಟ್ಟಿಗೆಯೇ, ಹಸಿ ಇಟ್ಟಿಗೆ ಬಿದ್ದರೆ ಕೆಸರು. ನಿನ್ನ ಬಾಗಿಲು ಸುಟ್ಟ ಇಟ್ಟಿಗೆ, ಬಂಪರು ಹಸಿಯದ್ದು.

ಇನ್ನು ಅದನ್ನು ಮುಟ್ಟಬೇಡ, ನಾಲ್ಕಾರು ದಿನ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಬರೀ ಮಂಕಾಗಿದ್ದರೆ ಪೇಂಟರ್ ಹತ್ತಿರ 2000 ನಂಬರಿನ ವಾಟರ್ ಪೇಪರ್ ಆಡಿಸಿ, ಕಾಂಪೌಂಡ್ ಹಾಕಿ ಪಾಲಿಷ್ ಮಾಡಿಸು. ಸುಕ್ಕು ಬಿದ್ದಿದ್ದರೆ ಮರುಬಣ್ಣವೊಂದೇ ದಾರಿ. ಥಿನ್ನರ್ ಹೆಡ್‌ಲೈಟಿನ ಹತ್ತಿರವೂ ಹೋಗದಿರಲಿ. ಈಗಿನ ಹೆಡ್‌ಲೈಟ್ ಗಾಜಲ್ಲ, ಪಾಲಿಕಾರ್ಬೊನೇಟ್. ಒಳಗೊಳಗೇ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಪ್ರಶ್ನೆ: ಮನೆಯಲ್ಲಿ ಕೊಬ್ಬರಿ ಎಣ್ಣೆ ಇದೆ, ನೀಲಗಿರಿ ಎಣ್ಣೆಯೂ ಇದೆ. ಇವುಗಳಲ್ಲಿ ಡಾಂಬರು ಹೋಗುವುದೇ? ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ ಹೇಳಿ!
– ಗೃಹಿಣಿ, ಮಡಿಕೇರಿ

ಉತ್ತರ: ಹೋಗುತ್ತದಕ್ಕಾ, ಎರಡರಲ್ಲೂ ಹೋಗುತ್ತದೆ. ಆದರೆ ಎರಡರ ಸ್ವಭಾವ ಬೇರೆ. ಕೊಬ್ಬರಿ ಎಣ್ಣೆ ಸಾಧು, ನಿಧಾನ. ದಪ್ಪಗೆ ಸವರಿ, ಎಣ್ಣೆಬಟ್ಟೆ ಅಂಟಿಸಿ ಅರ್ಧ ಗಂಟೆ ಬಿಡಬೇಕು. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ. ಮಡಿಕೇರಿಯ ಚಳಿಗೆ ಎಣ್ಣೆಯೇ ಹೆಪ್ಪುಗಟ್ಟೀತು, ಚೂರು ಬೆಚ್ಚಗೆ ಮಾಡಿಕೊಳ್ಳಿ. ನೀಲಗಿರಿ ಎಣ್ಣೆ ಚುರುಕು. ಡಾಂಬರನ್ನೂ ಸ್ಟಿಕ್ಕರಿನ ಅಂಟನ್ನೂ ಕರಗಿಸುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಕೆಡಿಸೀತು. ಹತ್ತಿಯಲ್ಲಿ ಒಂದೆರಡು ಹನಿ, ಚುಕ್ಕಿಯ ಮೇಲೆ ಮಾತ್ರ. ಅದು ಮೆತ್ತಗಾದ ಕೂಡಲೇ ಒರೆಸಿ ತೊಳೆದುಬಿಡಿ.

ಪ್ರಶ್ನೆ: ರಸ್ತೆಗೆ ಟ್ಯಾಂಕರಿನಿಂದ ಚಾಕೊಲೇಟ್ ಬಣ್ಣದ ನೀರು ಸಿಂಪಡಿಸುತ್ತಿದ್ದರು. ಕೆಸರು ನೀರೆಂದುಕೊಂಡು ಅದರ ಮೇಲೇ ಹೋದೆ. ಸಂಜೆ ನೋಡಿದರೆ ಕಾರಿನ ಬದಿಯೆಲ್ಲ ಕಪ್ಪು! ಏನದು?
– ಬ್ಯಾಂಕ್ ಉದ್ಯೋಗಿ, ತುಮಕೂರು

ಉತ್ತರ: ಅದು ಎಮಲ್ಷನ್. ನೀರಿನಲ್ಲಿ ಡಾಂಬರಿನ ಕಣಗಳನ್ನು ತೇಲಿಬಿಟ್ಟ ದ್ರವ. ಹೊಸ ಪದರ ಹಳೆಯದಕ್ಕೆ ಅಂಟಿಕೊಳ್ಳಲೆಂದು ಮೊದಲು ಇದನ್ನು ಸಿಂಪಡಿಸುತ್ತಾರೆ. ಹಸಿಯಿದ್ದಾಗ ಕಂದು, ನೀರು ಬಿಟ್ಟುಕೊಂಡ ಮೇಲೆ ಉಳಿಯುವುದು ಅಪ್ಪಟ ಡಾಂಬರು. ಲೆಕ್ಕ ಸುಲಭ: ಕಂದಾಗಿರುವಾಗ ನೀರು, ಕಪ್ಪಾದ ಮೇಲೆ ಎಣ್ಣೆ. ಇನ್ನೊಮ್ಮೆ ಸಿಡಿದರೆ ಮುಂದೆ ಸಿಕ್ಕ ಮೊದಲ ನಲ್ಲಿಯ ಹತ್ತಿರವೇ ಕಾರು ನಿಲ್ಲಿಸಿ. ಈಗ ಕಪ್ಪಾಗಿರುವುದಕ್ಕೆ ಮೇಷ್ಟ್ರಿಗೆ ಹೇಳಿದ ಮದ್ದೇ ನಿಮಗೂ.

ಪ್ರಶ್ನೆ: ಆರು ತಿಂಗಳ ಹಳೆಯ ಡಾಂಬರನ್ನು ಕೊನೆಗೂ ತೆಗೆದೆ. ಆದರೆ ಬಿಳಿ ಬಣ್ಣದ ಮೇಲೆ ಹಳದಿ ಮಿಶ್ರಿತ ಕಂದು ನೆರಳು ಉಳಿದಿದೆ. ತೊಳೆದರೂ ಹೋಗುತ್ತಿಲ್ಲ.
– ಅಂಗಡಿ ಮಾಲೀಕ, ದಾವಣಗೆರೆ

ಉತ್ತರ: ಬಿಸಿಲಿಗೆ ಕಾದ ತಗಡಿನ ಮೇಲೆ ಡಾಂಬರು ಮೆತ್ತಗಾಗುತ್ತದೆ. ಇಲ್ಲಿನ ರಸ್ತೆಗಳಿಗೆ ಹೆಚ್ಚಾಗಿ ಬಳಸುವ ವಿಜಿ–30 ದರ್ಜೆಯದು 47 ಡಿಗ್ರಿಯ ಆಸುಪಾಸಿನಲ್ಲೇ ಮಿದುವಾಗತೊಡಗುತ್ತದೆ. ನಿಮ್ಮೂರಿನ ಬೇಸಿಗೆಯಲ್ಲಿ ಕಾರಿನ ತಗಡಿಗೆ ಆ ಕಾವು ಯಾವ ಲೆಕ್ಕ? ಹಾಗೆ ಮೆತ್ತಗಾದಾಗಲೆಲ್ಲ ಅದರ ಎಣ್ಣೆಯ ಅಂಶ ಕ್ಲಿಯರ್ ಕೋಟಿನೊಳಗೆ ಇಳಿಯುತ್ತದೆ. ಇನ್ನೊಮ್ಮೆ ಟಾರ್ ರಿಮೂವರ್ ಹಾಕಿ ನೋಡಿ. ಆಮೇಲೆ ಕ್ಲೇ ಬಾರ್ (ಬಣ್ಣಕ್ಕೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಸಿಕ್ಕರೆ, ಜಾಗವನ್ನು ಶಾಂಪೂ ನೀರಿನಿಂದ ಜಾರುವಂತೆ ಇಟ್ಟುಕೊಂಡು ಹಗುರಾಗಿ ಆಡಿಸಿ. ಕ್ಲೇ ಕೆಳಗೆ ಬಿದ್ದರೆ ಎಸೆಯಿರಿ, ಮರಳು ಅಂಟಿರುತ್ತದೆ. ಅದಕ್ಕೂ ಹೋಗದ ನೆರಳಿಗೆ ನುಣುಪು ಪಾಲಿಷ್. ಅದೂ ಒಮ್ಮೆ ಮಾತ್ರ. ಪ್ರತಿ ಪಾಲಿಷ್‌ಗೂ ಕ್ಲಿಯರ್ ಕೋಟ್ ಒಂದಿಷ್ಟು ಸವೆಯುತ್ತದೆ. ಅಷ್ಟಾದರೂ ಉಳಿದರೆ ಇರಲಿ ಬಿಡಿ. ಕಲೆ ಇರುವ ಬಣ್ಣ ಬಣ್ಣವಿಲ್ಲದ ತಗಡಿಗಿಂತ ಮೇಲು.

ಪ್ರಶ್ನೆ: ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಡಾಂಬರು ಅಂಟುವುದೇ ಇಲ್ಲವಂತೆ, ನಿಜವೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅಂಟುತ್ತದೆ. ಬಿಡಿಸುವುದು ಸುಲಭವಾಗುತ್ತದೆ, ಅಷ್ಟೇ. ಇದಕ್ಕೊಂದಕ್ಕೇ ಅಷ್ಟು ದುಡ್ಡು ಸುರಿಯಬೇಕಿಲ್ಲ. ಅದಕ್ಕಿಂತ ಅಗ್ಗದ ಉಪಾಯ ನಾಲ್ಕು ಮಡ್‌ಫ್ಲಾಪ್. ಇನ್ನೂ ಅಗ್ಗದ್ದು ಹೊಸ ಡಾಂಬರಿನ ಮೇಲೆ ನಿಧಾನವಾಗಿ ಹೋಗುವುದು, ಮುಂದಿನ ಲಾರಿಯಿಂದ ದೂರ ಇರುವುದು. ಇದಕ್ಕೆ ಖರ್ಚೇ ಇಲ್ಲ.

ಪ್ರಶ್ನೆ: ಅಂಕಲ್, ಅಪ್ಪನ ಕಾರಿಗೆ ಅಂಟಿದ್ದ ಡಾಂಬರನ್ನು ಉಗುರಿನಲ್ಲಿ ಕೆರೆದೆ. ಈಗ ನನ್ನ ಕೈಗೆ ಅಂಟಿದೆ. ಸೋಪು ಹಾಕಿದರೂ ಹೋಗುತ್ತಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ.
– ಆರನೇ ತರಗತಿ, ಶಿರಸಿ

ಉತ್ತರ: ಪುಟ್ಟಾ, ಹೆದರಬೇಡ. ಅಮ್ಮನ ಹತ್ತಿರ ಕೊಬ್ಬರಿ ಎಣ್ಣೆ ಕೇಳಿ ಹಚ್ಚಿಕೋ, ಹತ್ತು ನಿಮಿಷ ಸುಮ್ಮನೆ ಕೂತುಕೋ. ಆಮೇಲೆ ಬಟ್ಟೆಯಲ್ಲಿ ಒರೆಸಿ ಸೋಪು ಹಾಕಿದರೆ ಹೋಗುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಕೈಗೆ ಹಚ್ಚಲೇಬೇಡ. ರಸ್ತೆ ಕೆಲಸ ನಡೆಯುವಲ್ಲಿ ಬಿಸಿ ಡಾಂಬರಿನ ಹತ್ತಿರ ಹೋಗಬೇಡ. ಅದು ತಾಗಿದರೆ ಕೀಳುವಂತಿಲ್ಲ, ತಣ್ಣೀರಿನಡಿ ಹಿಡಿದು ಡಾಕ್ಟರ ಬಳಿಗೇ ಓಡಬೇಕು.

ಅಪ್ಪನಿಗೆ ಈ ಪುಟ ತೋರಿಸು. ಕೆರೆದ ಗೀರು ಕಂಡು ಅವರು ಗದರಿದರೆ, ಅಷ್ಟು ದಿನ ಡಾಂಬರನ್ನು ಕಾರಿನ ಮೇಲೇ ಬಿಟ್ಟವರು ಯಾರು ಅಂತ ಒಂದು ಮಾತು ಕೇಳು.