ಗೀರು ಬಿದ್ದ ಗಾಡಿಗೆ ಮನೆಯಲ್ಲೇ ಬಣ್ಣ



ಟೊಮೇಟೊ ಕ್ರೇಟುಗಳನ್ನು ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೋಗಿಬರುವ ಗಾಡಿಗೆ ಗೀರು ಬೀಳದ ವಾರವಿಲ್ಲ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕೊಂಬೆ ತಗಲಿ ಟ್ರ್ಯಾಕ್ಟರಿನ ಬಾನೆಟ್ಟು ತರಚುತ್ತದೆ. "ಗೀರು ತಾನೆ, ಇರಲಿ ಬಿಡಿ" ಎನ್ನುತ್ತೀರಿ. ಬರಿಯ ಅಂದದ ಮಾತಾಗಿದ್ದರೆ ನಾನೂ ಹಾಗೆಯೇ ಎನ್ನುತ್ತಿದ್ದೆ.

ಬೋರ್ಡೋ ದ್ರಾವಣ ತಯಾರಿಸುವಾಗ ಹದ ನೋಡಲು ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದುತ್ತೀರಷ್ಟೆ. ಸುಣ್ಣ ಸಾಲದಿದ್ದರೆ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತಾಮ್ರ ಕೂತ ಲೆಕ್ಕಕ್ಕೆ ಕಬ್ಬಿಣ ಕರಗಿ ಹೋಗಿರುತ್ತದೆ. ಬಣ್ಣ ಕಿತ್ತ ಜಾಗಕ್ಕೆ ಮೈಲುತುತ್ತದ ನೀರು ಸಿಡಿದರೂ ಇದೇ ಆಗುವುದು. ಪೊಟ್ಯಾಷ್ ಗೊಬ್ಬರವೂ ಒಂದು ಉಪ್ಪೇ. ತೇವ ಸೇರಿದರೆ ತುಕ್ಕನ್ನು ಬೇಗ ಬೆಳೆಸುತ್ತದೆ. ಆದ್ದರಿಂದ ಔಷಧಿ, ಗೊಬ್ಬರ ಸಾಗಿಸಿದ ದಿನವೇ ಗಾಡಿಯನ್ನು ತೊಳೆಯತಕ್ಕದ್ದು.

ಗೀರಿನ ಮೇಲೆ ಅಡ್ಡಲಾಗಿ ಉಗುರು ಆಡಿಸಿ ನೋಡಿ. ಉಗುರು ತಡೆಯದಿದ್ದರೆ ಗಾಯ ಮೇಲ್ಪದರದ್ದು. ರಬ್ಬಿಂಗ್ ಕಾಂಪೌಂಡನ್ನು ಮೆತ್ತನೆಯ ಬಟ್ಟೆಯಲ್ಲಿ ಹಗುರವಾಗಿ ಉಜ್ಜಿದರೆ ಸಾಕು. ಉಗುರು ಸಿಕ್ಕಿಕೊಂಡು ಒಳಗೆ ತಗಡು ಕಂಡರೆ ತಡಮಾಡಕೂಡದು. ಕಾರಿನ ಬಂಪರು ಪ್ಲಾಸ್ಟಿಕ್ಕಿನದಾದರೆ ತುಕ್ಕಿನ ಭಯವಿಲ್ಲ, ಅದು ಕಾಯಬಹುದು.

ಮೊದಲು ಸೋಪಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಬಳಿಕ ತುಕ್ಕನ್ನು ಉಪ್ಪು ಕಾಗದದಿಂದ ತಿಕ್ಕಿ, ತಗಡು ಬೆಳ್ಳಗೆ ಹೊಳೆಯುವವರೆಗೆ ಬಿಡಬೇಡಿ. ಈ ಕೆಲಸದಲ್ಲೇ ಜನ ಬೇಸರಪಡುವುದು. ನಾನೇ ಒಮ್ಮೆ ನನ್ನ ಮೋಟಾರು ಸೈಕಲ್ಲಿನ ತುಕ್ಕನ್ನು ಅರ್ಧಕ್ಕೆ ಬಿಟ್ಟು ಮೇಲೆ ಬಣ್ಣ ಬಳಿದೆ. ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿತು. ಒಳಗೆ ತುಕ್ಕು ಮೊದಲಿಗಿಂತ ಅಗಲವಾಗಿತ್ತು. ತಿಕ್ಕುವಾಗ ಚಾಸಿ ನಂಬರಿನ ಗೊಡವೆಗೆ ಮಾತ್ರ ಹೋಗಬೇಡಿ.

ಬೆಳ್ಳಗಾದ ತಗಡಿನ ಮೇಲೆ ಕೈಯಿಡದೆ, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ ಪ್ರೈಮರ್ ಹಚ್ಚಿ. ಟ್ರ್ಯಾಕ್ಟರು, ಟ್ರೈಲರುಗಳಿಗೆ ರೆಡ್ ಆಕ್ಸೈಡ್ ಸಾಕು. ಒಂದು ರಾತ್ರಿ ಒಣಗಲಿ. ಮಾರನೆಯ ದಿನ ಸಣ್ಣ ಕುಂಚದಿಂದ, ಚುಕ್ಕೆಯಷ್ಟೇ ಇದ್ದರೆ ಬೆಂಕಿಕಡ್ಡಿಯ ತುದಿಯಿಂದ, ತೆಳ್ಳಗೆ ಬಣ್ಣವಿಡಿ. ಅದು ಒಣಗಿದ ಮೇಲೆ ಮತ್ತೊಂದು ಸಲ, ಬೇಕಾದರೆ ಮೂರನೆಯ ಸಲ. ಒಂದೇ ಏಟಿಗೆ ದಪ್ಪಗೆ ಬಳಿದರೆ ಸೋರುತ್ತದೆ, ಒಳಗೆ ಹಸಿಯೂ ಉಳಿಯುತ್ತದೆ.

ಅಂಗಡಿಯಲ್ಲಿ ಒಂದು ಎಚ್ಚರಿಕೆ. ಎನಾಮಲ್ ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳು ಮಾಡುವುದು, ಎನ್.ಸಿ. ಬಣ್ಣಕ್ಕೆ ಅದರದೇ ಥಿನ್ನರು. ಹಳೆಯ ಎನಾಮಲಿನ ಮೇಲೆ ಎನ್.ಸಿ. ಬಳಿದರೆ ಕೆಳಗಿನ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಕಾರಿನ ಬಣ್ಣಕ್ಕೆ ಕಂಪನಿಯ ಗುರುತಿನ ಸಂಖ್ಯೆಯುಂಟು. ಸಾಮಾನ್ಯವಾಗಿ ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ಟಿನ ಒಳಗೋ ಅಂಟಿಸಿರುತ್ತಾರೆ. ಅದನ್ನು ಬರೆದುಕೊಂಡು ಹೋಗಿ. ಬೆಳ್ಳಿಪುಡಿಯಂತೆ ಮಿನುಗುವ ಬಣ್ಣವಾದರೆ ಎಷ್ಟು ಜಾಣತನ ತೋರಿದರೂ ಗುರುತು ಉಳಿಯುತ್ತದೆ, ತಗಡಂತೂ ಉಳಿಯುತ್ತದೆ.

ಸುಡುಬಿಸಿಲಿನಲ್ಲಿಯೂ ಮಂಜು ಬೀಳುವ ಹೊತ್ತಿನಲ್ಲಿಯೂ ಬಣ್ಣ ಬೇಡ. ರಾಗಿ ಒಕ್ಕಣೆಯ ಧೂಳು ಏಳುವ ಕಣದ ಮಗ್ಗುಲಲ್ಲಂತೂ ಕೂಡದು. ಗಾಳಿಯಾಡುವ ನೆರಳಿನಲ್ಲಿ, ಬೀಡಿಯನ್ನು ದೂರವಿಟ್ಟು ಮಾಡಿ. ಥಿನ್ನರಿಗೆ ಕಿಡಿ ಸಾಕು. ತಗಡು ತೂತಾಗಿದ್ದರೆ ಪೇಂಟರ ಬಳಿಗೇ ಒಯ್ಯಿರಿ. ಮಿಕ್ಕ ಬಣ್ಣವನ್ನು ಬಿಗಿಯಾಗಿ ಮುಚ್ಚಿ, ಮಕ್ಕಳ ಕೈಗೆಟುಕದಂತೆ ಅಟ್ಟದ ಮೇಲಿಡಿ; ಮುಂದಿನ ಟೊಮೇಟೊ ಕೊಯ್ಲಿಗೆ ಬೇಕಾದೀತು.